ಹಳ್ಳದ ಪಕ್ಕದ ನಲವತ್ತೆರಡು ಅಡಿ

ಹಳ್ಳದ ಅಂಚಿನಿಂದ ರಸ್ತೆಯವರೆಗೆ ನಲವತ್ತೆರಡು ಅಡಿ. ಹಗ್ಗ ಹಿಡಿದು ನಾನೇ ಮೂರು ಸಲ ಅಳೆದಿದ್ದೆ. ಎರಡು ಸಲ ನಲವತ್ತೆರಡು ಬಂತು, ಒಂದು ಸಲ ನಲವತ್ತೊಂದೂವರೆ. ಉದ್ದ ಅರವತ್ತು. ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ದೂರದ ನಮ್ಮೂರಿನ ಕೊನೆಯಲ್ಲಿದ್ದ ಆ ತುಂಡನ್ನು ಅಪ್ಪನ ತಾಯಿ ಸಾಯುವ ಮುಂಚೆ ಸೊಸೆಯ, ಅಂದರೆ ನನ್ನ ಅಮ್ಮನ, ಹೆಸರಿಗೆ ಬರೆದುಕೊಟ್ಟಿದ್ದರು. ಅದು ಬರೀ ಮರಳುಗಲ್ಲು, ಹಿಪ್ಪುನೇರಳೆ ಕಡ್ಡಿ ನೆಟ್ಟರೆ ಬೇರು ಹಿಡಿಯುತ್ತಿರಲಿಲ್ಲ. ಅದಕ್ಕೇ ಸೊಸೆಗೆ ಕೊಟ್ಟರು ಎಂದು ಊರಿನವರು ನಗುತ್ತಿದ್ದರು. ಅಲ್ಲಿ ಒಂದು ಸಣ್ಣ ಮನೆ ಕಟ್ಟಲು ಅನುಮತಿ ಕೇಳಿಕೊಂಡು ನಾವು ಹದಿನಾಲ್ಕು ತಿಂಗಳು ಓಡಾಡಿದೆವು. ಆ ಮನೆ ಬೇಕಾಗಿದ್ದುದು ಅಮ್ಮನ ಉಸಿರಿಗೆ.

ನಮ್ಮದು ರೇಷ್ಮೆಹುಳು ಸಾಕುವ ಮನೆ. ಹುಳುವಿಗೆಂದು ಬೇರೆ ಕೋಣೆ ಇರಲಿಲ್ಲ. ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಸ್ಟ್ಯಾಂಡು, ಸ್ಟ್ಯಾಂಡಿನ ತುಂಬ ತಟ್ಟೆಗಳು. ಅಪ್ಪ, ಅಮ್ಮ, ನಾನು ಮೂವರೂ ಅಡುಗೆಮನೆಯಲ್ಲಿ ಮಲಗುತ್ತಿದ್ದೆವು. ಹುಳು ಹಣ್ಣಾಗುವ ಹೊತ್ತಿಗೆ, ಅವು ಗೂಡು ಕಟ್ಟುವ ಬಿದಿರಿನ ತಟ್ಟಿಗಳು, ಅಂದರೆ ಚಂದ್ರಿಕೆಗಳು, ಅಂಗಳದವರೆಗೂ ಬರುತ್ತಿದ್ದವು, ಆಗ ಅಡುಗೆಮನೆಯಲ್ಲೂ ಕಾಲು ಚಾಚಲು ಜಾಗವಿರುತ್ತಿರಲಿಲ್ಲ.

ಹುಳು ಸಾಕುವವರು ದಿನದ ಲೆಕ್ಕ ಇಡದಿದ್ದರೆ ಬೆಳೆ ಕೈಗೆ ಬರುವುದಿಲ್ಲ. ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ಅದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬಾರದು, ಎದ್ದ ಹುಳುವನ್ನು ಕಾಯಿಸಬಾರದು. ಅಮ್ಮನಿಗೆ ಸಹಿ ಮಾಡಲು ಮಾತ್ರ ಬರುತ್ತಿತ್ತು. ನಾನು ಎಂಟನೇ ಕ್ಲಾಸಿಗೆ ಹೋದ ವರ್ಷ, 2003ರ ಜೂನ್‌ನಲ್ಲಿ, ಅವಳು ಒಂದು ದಪ್ಪ ನೋಟ್‌ಬುಕ್ ತಂದು ಕೈಗಿತ್ತಳು. ಅಂದಿನಿಂದ ಅವಳು ಹೇಳುವುದು, ನಾನು ಬರೆಯುವುದು. "ಎರಡನೇ ಜ್ವರ ಎದ್ದವೆ, ಬರ್ಕೋ." "ಬಾಗಿಲ ಕಡೆ ತಟ್ಟೆ ಹಿಂದೆ ಬಿದ್ದವೆ, ಬರ್ಕೋ."

ಅದೇ ಪುಸ್ತಕದಲ್ಲಿ ಮಳೆಯನ್ನೂ ಬರೆಯುತ್ತಿದ್ದೆ. ಒದ್ದೆ ಸೊಪ್ಪು ತಿಂದರೆ ಹುಳುವಿಗೆ ಸಪ್ಪೆ ರೋಗ ಬರುತ್ತದೆ, ಒಂದು ವಾರದಲ್ಲಿ ತಟ್ಟೆಗಟ್ಟಲೆ ಸಾಯುತ್ತವೆ. ನಮ್ಮ ಹಿಪ್ಪುನೇರಳೆ ತೋಟ ಹಳ್ಳದ ಆಚೆ ಇದ್ದುದರಿಂದ ಹಳ್ಳದ ಲೆಕ್ಕವೂ ಬೇಕಾಗಿತ್ತು. ಹಳ್ಳ ಬಂದ ದಿನ ದಾಟುವ ಹಾಗಿಲ್ಲ, ದಾಟದಿದ್ದರೆ ಸೊಪ್ಪಿಲ್ಲ. ಮಳೆ ಬಿದ್ದ ಬೆಳಿಗ್ಗೆ ಅಮ್ಮ ಎದ್ದವಳೇ ಹೋಗಿ ನೋಡಿಬಂದು, ಸೆರಗು ಹಿಂಡುತ್ತಾ ಹೇಳುತ್ತಿದ್ದಳು: "ಹಳ್ಳ ಬಂದದೆ, ಬರ್ಕೋ." ಎಲ್ಲಿಯವರೆಗೆ ಬಂದಿದೆ ಎಂದೂ ಹೇಳುತ್ತಿದ್ದಳು. ಅದನ್ನೂ ಬರೆಯುತ್ತಿದ್ದೆ.

ಅಮ್ಮನಿಗೆ ಉಬ್ಬಸ ಶುರುವಾಗಿದ್ದು 2006ರ ದಸರಾ ಆದ ಮೇಲೆ. ಮೊದಲು ಬರೀ ಸೀನು, ಆಮೇಲೆ ಕೆಮ್ಮು. ಮರುವರ್ಷದ ಹೊತ್ತಿಗೆ ಗೂಡು ಬಿಡಿಸಲು ಕೂತರೆ ಅರ್ಧ ಚಂದ್ರಿಕೆ ಮುಗಿಸುವಷ್ಟರಲ್ಲಿ ಎದೆ ಸಿಳ್ಳೆ ಹಾಕಿದಂತೆ ಸದ್ದು ಮಾಡುತ್ತಿತ್ತು. ನಾನು ಪುಸ್ತಕದ ಬಲಗಡೆ ಗೆರೆ ಎಳೆದು ಕೆಮ್ಮಿಗೆ ಒಂದು ಕಾಲಂ ಮಾಡಿದೆ. ಇಲ್ಲದ ದಿನ ಸೊನ್ನೆ, ಇದ್ದ ದಿನ ಒಂದು, ಕೂತೇ ನಿದ್ದೆ ಮಾಡಿದ ದಿನ ಎರಡು. ಚಿಂತಾಮಣಿಯ ಡಾಕ್ಟರು ಆ ಪುಟಗಳನ್ನು ತಿರುವಿ ನೋಡಿ, ಹುಳುವಿನ ಧೂಳು ಆಗುತ್ತಿಲ್ಲ ಎಂದರು.

"ಔಷಧಿ ನಾನು ಕೊಡ್ತೀನಮ್ಮ. ಆದ್ರೆ ಅದೇ ಮನೇಲಿ ಇದ್ಕೊಂಡು ಇದನ್ನ ತಗೊಳ್ಳೋದು, ಒಲೆ ಮೇಲೆ ಕೂತ್ಕೊಂಡು ಬೀಸಣಿಗೆ ಬೀಸ್ಕೊಂಡಂಗೆ."

ಬಸ್ಸಿನಲ್ಲಿ ಅಪ್ಪ ಹೇಳಿದ: "ಹುಳಾನೇ ಬಿಟ್ಬಿಡಣ ಕಣೇ."

"ಬಿಟ್ಟು? ನಿಮಗೆ ಬೇರೆ ಏನ್ ಬರ್ತದೆ? ಸೊಪ್ಪು ಮಾರಣ ಅಂದ್ರೆ ತೂಕ ಹಾಕೋವಾಗ ನಾಚ್ಕೊಂಡು ಆ ಕಡೆ ತಿರುಗ್ತೀರ." ಅಮ್ಮ ನಕ್ಕಳು, ನಕ್ಕಿದ್ದರಿಂದ ಕೆಮ್ಮು ಬಂತು.

ಮನೆಯ ಯೋಚನೆ ಬಂದದ್ದು ಹಾಗೆ. ತೋಟ ಚಿಕ್ಕಪ್ಪನ ಜೊತೆ ಜಂಟಿಯಾಗಿತ್ತು, ಅಲ್ಲಿ ಕಟ್ಟುವಂತಿರಲಿಲ್ಲ. ಉಳಿದದ್ದು ಅಮ್ಮನ ತುಂಡು. ಒಂದು ಕೋಣೆ, ಒಂದು ಅಡುಗೆಮನೆ ಸಾಕು. ಅಮ್ಮ ಅಲ್ಲಿರುತ್ತಾಳೆ, ನಾನೂ ಅಪ್ಪನೂ ಹುಳು ನೋಡಿಕೊಂಡು ಊಟಕ್ಕೆ ಅಲ್ಲಿಗೆ ಹೋಗುತ್ತೇವೆ. ಹಳೆಯ ಮನೆಯಿಂದ ಅಲ್ಲಿಗೆ ನನ್ನ ಹೆಜ್ಜೆಯಲ್ಲಿ ಇನ್ನೂರ ಹತ್ತು.

2008ರ ಜನವರಿಯಲ್ಲಿ ಪಂಚಾಯಿತಿಗೆ ಹೋದಾಗ ಕಾರ್ಯದರ್ಶಿ ಊರಿನ ನಕ್ಷೆ ಬಿಡಿಸಿ ಮೇಜಿನ ಮೇಲೆ ಹರಡಿದರು. ನಮ್ಮ ತುಂಡಿನ ಪಕ್ಕದಲ್ಲೇ ಹಳ್ಳದ ಗೆರೆ ಹಾದುಹೋಗಿತ್ತು.

"ಹಳ್ಳದ ಅಂಚಿಂದ ಬಿಡಬೇಕಾದಷ್ಟು ಬಿಟ್ರೆ ನಿಮಗೆ ಉಳಿಯೋದು ಒಂಬತ್ತಡಿ," ಎಂದರು.

"ಒಂಬತ್ತಡೀಲಿ ಹಸು ಕಟ್ಬೋದು ಸ್ವಾಮಿ," ಎಂದ ಅಪ್ಪ.

"ಕಟ್ಕೊಳ್ಳಿ. ಹಸೂಗೆ ನನ್ನ ಲೈಸೆನ್ಸ್ ಬೇಡ."

ಆದರೆ ಅವರು ಒಳ್ಳೆಯವರು. ದೂರದ ನಿಯಮ ಸಡಿಲಿಸಿ ಎಂದು ಚಿಕ್ಕಬಳ್ಳಾಪುರದ ಕಚೇರಿಗೆ ಅರ್ಜಿ ಹಾಕಬಹುದು, ಕೆಲವರಿಗೆ ಸಿಕ್ಕಿದೆ ಎಂದು ತಿಳಿಸಿದರು. ಅರ್ಜಿಯನ್ನು ನಾನೇ ಬರೆದೆ. ಜಾಗ ಅಮ್ಮನದಾದ್ದರಿಂದ ಅರ್ಜಿದಾರಳು ಅಮ್ಮ. ಕೆಳಗೆ ಅವಳು ನಿಧಾನವಾಗಿ, ನಾಲಿಗೆ ಕಚ್ಚಿಕೊಂಡು ಸಹಿ ಮಾಡಿದಳು.

ಜಿಲ್ಲೆ ಬೇರೆಯಾಗಿ ಆಗಿನ್ನೂ ಹೆಚ್ಚು ದಿನ ಆಗಿರಲಿಲ್ಲ. ಕಚೇರಿಯಲ್ಲಿ ಕುರ್ಚಿಗಿಂತ ಕಡತಗಳ ಗಂಟುಗಳೇ ಜಾಸ್ತಿ ಇದ್ದವು. ನಾವು ಅಲ್ಲಿಗೆ ಹೋದದ್ದು ಒಟ್ಟು ಹತ್ತೊಂಬತ್ತು ಸಲ. ಅದರಲ್ಲಿ ಅಮ್ಮ ಬಂದದ್ದು ಹದಿಮೂರು ಸಲ. ಒಳ್ಳೆಯ ಸೀರೆ ಉಟ್ಟು, ಡಬ್ಬಿಯಲ್ಲಿ ಚಿತ್ರಾನ್ನ ತುಂಬಿಕೊಂಡು ಬರುತ್ತಿದ್ದಳು. ಕಚೇರಿಯ ಆವರಣದಲ್ಲಿ ಒಂದು ಹೊಂಗೆಮರ ಇತ್ತು, ಅದರ ಕೆಳಗೆ ಕಾಲು ಚಾಚಿ ಕೂರುತ್ತಿದ್ದಳು. ಮೂರು ತಿಂಗಳು ಕಳೆದ ಮೇಲೆ ಪುಸ್ತಕ ನೋಡುವಾಗ ನನಗೆ ಗೊತ್ತಾಯಿತು. ಕಚೇರಿಗೆ ಹೋದ ದಿನಗಳ ಎದುರು ಕೆಮ್ಮಿನ ಕಾಲಂನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ.

ಅಮ್ಮನಿಗೆ ಅದು ನನಗಿಂತ ಮುಂಚೆಯೇ ಗೊತ್ತಿತ್ತು. ಒಂದು ಸಲ ಗುಮಾಸ್ತರು ಬಂದು, ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಇವತ್ತು ಆಗಲ್ಲ ಎಂದರು. ನನಗೆ ಸಿಟ್ಟು ಬಂತು. ಅಮ್ಮ ಡಬ್ಬಿಯ ಮುಚ್ಚಳ ತೆಗೆಯುತ್ತಾ, "ಸಾಹೇಬ್ರು ಸಿಗ್ದೆ ಇದ್ರೆ ಇನ್ನೂ ಒಳ್ಳೇದು ಬಿಡು. ಇನ್ನೊಂದಿನ ಬರಬೋದು," ಎಂದಳು. ತಮಾಷೆಗೆ ಅಂದಳೆಂದುಕೊಂಡು ಅವಳ ಮುಖ ನೋಡಿದೆ. ಅವಳು ಕಣ್ಣು ಮುಚ್ಚಿ, ಮೂಗಿನಿಂದ ಉದ್ದವಾಗಿ ಉಸಿರೆಳೆದುಕೊಳ್ಳುತ್ತಿದ್ದಳು.

ಜುಲೈನಲ್ಲಿ ಅದೇ ಗುಮಾಸ್ತರು ನಮ್ಮ ಅರ್ಜಿಯ ಮೇಲೆ ಬೆರಳಿಟ್ಟು ಕೇಳಿದರು. "ಹಳ್ಳದಲ್ಲಿ ನೀರು ಬರೋದೇ ಅಪರೂಪ ಅಂತ ಬರ್ದಿದೀರ. ಅಪರೂಪ ಅನ್ನೋಕೆ ಏನಮ್ಮ ದಾಖಲೆ?"

"ನಮ್ಮ ಹತ್ರ ನೋಟ್‌ಬುಕ್ ಇದೆ ಸರ್. ಐದು ವರ್ಷದ್ದು. ಬಂದ ದಿನ ಮಾತ್ರ ಬರೆದಿದೀವಿ."

"ಏನು, ಹಳ್ಳಕ್ಕೂ ಹಾಜರಿ ಪುಸ್ತಕ ಇಟ್ಟಿದೀರಾ?" ಪಕ್ಕದ ಮೇಜಿನವರೂ ನಕ್ಕರು. ಆಮೇಲೆ ಅವರೇ, "ತಂದ್ಕೊಡು, ಸಾಹೇಬರು ನೋಡ್ಲಿ. ಅಂಥದ್ದು ಯಾರೂ ಕೊಡಲ್ಲ," ಎಂದರು.

ಮನೆಗೆ ಬಂದು ಎಣಿಸಿದೆ. ಸಾವಿರದ ಎಂಟುನೂರಕ್ಕೂ ಮೀರಿದ ದಿನಗಳಲ್ಲಿ ಹಳ್ಳ ಬಂದದ್ದು ಹನ್ನೊಂದು ದಿನ. ಅದರಲ್ಲೂ ಆರು ದಿನ 2005ರ ಮಳೆಗಾಲವೊಂದರಲ್ಲೇ. ನಾನು ಆಗ ಬಿ.ಕಾಂ. ಸೇರಿದ್ದೆ. ನೂರಕ್ಕೆ ಒಂದೂ ಇಲ್ಲ ಎಂದು ಲೆಕ್ಕ ಹಾಕಿ ಹಿಗ್ಗಿದೆ. ಇದಕ್ಕಿಂತ ಒಳ್ಳೆಯ ದಾಖಲೆ ಯಾರ ಹತ್ತಿರ ಇರುತ್ತದೆ ಎನ್ನಿಸಿತು.

ನಕಲು ಮಾಡುತ್ತಾ ಕೂತಿದ್ದಾಗ ನಮ್ಮೂರಿನ ಶಾನುಭೋಗರು ಯಾವುದೋ ಕೆಲಸಕ್ಕೆ ಬಂದರು. ಗ್ರಾಮ ಲೆಕ್ಕಿಗ ಎಂದು ಸರ್ಕಾರ ಹೆಸರು ಬದಲಿಸಿದ್ದರೂ ಊರಿನವರಿಗೆ ಅವರು ಶಾನುಭೋಗರೇ. ಕನ್ನಡಕ ಏರಿಸಿ ನನ್ನ ಹಾಳೆ ಓದಿದರು.

"ಈ ಹನ್ನೊಂದು ದಿನ ನುಂಗ್ಬಿಡು ಪಾಪ. ಹಳ್ಳವೇನು ಕಚೇರಿಗೆ ಬಂದು ಸಾಕ್ಷಿ ಹೇಳ್ತದಾ?"

"ಎಲ್ಲಾನೂ ನುಂಗಿದ್ರೆ ಇದು ಬರೀ ಖಾಲಿ ಹಾಳೆ ಅಲ್ವಾ ಸರ್?"

"ಖಾಲಿ ಹಾಳೇನೇ ಕೊಡು. ಸರ್ಕಾರಕ್ಕೆ ಅದೇ ಇಷ್ಟ." ಅಪ್ಪನ ಕಡೆ ತಿರುಗಿ, "ನಿನ್ ಮಗಳು ಓದಿ ಕೆಟ್ಳು ಕಣಯ್ಯ," ಎಂದರು.

ಅಪ್ಪನಿಗೂ ನುಂಗುವುದೇ ಸರಿ ಅನ್ನಿಸಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ನನಗೆ ಕೈ ಬರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಹುಳು ಪೂರ್ತಿ ಏಳುವ ಮುಂಚೆಯೇ ಎದ್ದಿವೆ ಎಂದು ಬರೆದುಬಿಟ್ಟಿದ್ದೆ, ನೋಡಲು ಹೋಗುವ ಸೋಮಾರಿತನಕ್ಕೆ. ಅದನ್ನು ನಂಬಿ ಅಪ್ಪ ಸೊಪ್ಪು ಹಾಕಿದ, ನಾಲ್ಕು ತಟ್ಟೆ ಹೋದವು. ಅಮ್ಮ ಬೈಯಲಿಲ್ಲ. ಸತ್ತ ಹುಳುವನ್ನು ನನ್ನ ಕೈಯಲ್ಲೇ ಎತ್ತಿಸಿ ಗುಂಡಿಗೆ ಹಾಕಿಸಿದಳು. ಆಮೇಲೆ ಆ ಪುಸ್ತಕದಲ್ಲಿ ಇಲ್ಲದ್ದನ್ನು ಬರೆಯುವುದಾಗಲಿ ಇದ್ದದ್ದನ್ನು ಬಿಡುವುದಾಗಲಿ ನನ್ನಿಂದ ಆಗುತ್ತಿರಲಿಲ್ಲ.

ಅಮ್ಮ ಒಲೆಯ ಮುಂದಿನಿಂದ ಕೇಳಿದಳು. "ನಾನ್ ಹೇಳಿದ್ದೆಲ್ಲ ಅದ್ರಾಗೆ ಬರ್ದಿದೀಯಾ?"

"ಎಲ್ಲಾ ಬರ್ದಿದೀನಿ."

"ಒಂದೂವೆ ಬಿಡಬ್ಯಾಡ."

ತಾನು ಹೇಳಿದ್ದೆಲ್ಲ ತನಗೆ ಒಳ್ಳೆಯದನ್ನೇ ಮಾಡುತ್ತದೆ ಎಂದು ಅವಳು ತಿಳಿದಿದ್ದಳು. ನಾನೂ ಹಾಗೇ ತಿಳಿದಿದ್ದೆ.

ಜಾಗ ನೋಡಲು ಅಧಿಕಾರಿ ಬಂದದ್ದು ನವೆಂಬರ್ 12ರಂದು, ಜೊತೆಗೆ ಟೇಪು ಹಿಡಿದ ಸರ್ವೇಯರು. ಹಳ್ಳ ಒಣಗಿ ಬಿಳಿಯಾಗಿತ್ತು. ನಡುವೆ ಮೇಕೆಗಳು ಮಲಗಿದ್ದವು. ಅದನ್ನು ನೋಡಿ ಅಪ್ಪನಿಗೆ ಧೈರ್ಯ ಬಂತು. ಅಮ್ಮ ಇಬ್ಬರಿಗೂ ಮಜ್ಜಿಗೆ ಕೊಟ್ಟಳು. ಅಧಿಕಾರಿ ನಮ್ಮ ಮನೆಯ ನಕ್ಷೆಯನ್ನು ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ನಾನು ಕೊಟ್ಟ ನಕಲನ್ನು ಓದತೊಡಗಿದರು. ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ಅದು ಎರಡನೇ ಹಾಳೆಯ ಮಧ್ಯದಲ್ಲಿ ನಿಂತಿತು. ಅವರು ಗಟ್ಟಿಯಾಗಿ ಓದಿದರು: "ಹಳ್ಳ ಬಂತು. ನಮ್ಮ ತುಂಡಿನ ಬೇಲಿಯ ಮೂರನೇ ಕಲ್ಲು ಮುಳುಗಿದೆ. ದಾಟಲಾಗಲಿಲ್ಲ. ಸೊಪ್ಪಿಲ್ಲ."

ಬೇಲಿಯ ಕಲ್ಲುಗಳನ್ನು ಹಳ್ಳದ ಕಡೆಯಿಂದ ಎಣಿಸಿ ಮೂರನೆಯದರ ಬಳಿ ಹೋಗಿ ನಿಂತರು. ಸರ್ವೇಯರು ಹಳ್ಳದ ಅಂಚಿನಿಂದ ಟೇಪು ಎಳೆದು, "ಇಪ್ಪತ್ತಾರು," ಎಂದು ಕೂಗಿದರು.

"ಇದನ್ನ ಯಾರು ನೋಡಿದ್ದು?"

"ನಾನೇ ಸ್ವಾಮಿ," ಅಮ್ಮ ಮುಂದೆ ಬಂದಳು. ತನ್ನ ಮಾತನ್ನು ಯಾರಾದರೂ ಅಷ್ಟು ಗಮನವಿಟ್ಟು ಕೇಳಿದ್ದು ಅವಳಿಗೆ ಅದೇ ಮೊದಲಿರಬೇಕು. "ಸೊಪ್ಪಿಗೆ ಅಂತ ಬಂದಿದ್ದೆ. ನೋಡಿ, ಈ ಕಲ್ಲೇ ಕಾಣ್ತಿರ್ಲಿಲ್ಲ. ಆ ಕಡೆಯಿಂದ ಏನು ಸೆಳವು ಅಂತೀರ! ಎಮ್ಮೆಗರ ಒಂದು ಹೊಳ್ಳಾಡ್ಕೊಂಡು ಹೋಯ್ತು. ನಾನು ಇಲ್ಲೇ ನಿಂತು ಕೂಗ್ದೆ, ಯಾರೂ ಇಳೀಲಿಲ್ಲ."

ಅಪ್ಪ ಎರಡು ಸಲ ಗಂಟಲು ಸರಿಮಾಡಿಕೊಂಡ. ಅಮ್ಮನಿಗೆ ಅದು ಕೇಳಿಸಲಿಲ್ಲ. ಎಷ್ಟು ಹೊತ್ತು ಇತ್ತು, ಯಾವಾಗ ಇಳಿಯಿತು ಎಂದು ಅಧಿಕಾರಿ ಕೇಳಿದ್ದಕ್ಕೆಲ್ಲ ಒಂದೂ ಬಿಡದೆ ಹೇಳಿದಳು. ಅವರು ನಕ್ಷೆಯ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತು, ಅಡುಗೆಮನೆ ಎಂದು ನಾನು ಬರೆದಿದ್ದ ಚೌಕವನ್ನು ನೋಡಿದರು. ಮೂರನೇ ಕಲ್ಲು ಅದರೊಳಗೇ ಬರುತ್ತಿತ್ತು.

ಹೊರಡುವಾಗ ಅವರು ನನ್ನೊಬ್ಬಳಿಗೇ ಕೇಳುವಂತೆ ಹೇಳಿದರು: "ನೀನು ಬರೀದೇ ಇದ್ದಿದ್ರೆ ನಾನು ಇವತ್ತು ಬರೀ ಒಣಹಳ್ಳ ನೋಡ್ಕೊಂಡು ಹೋಗ್ತಿದ್ದೆ. ಈಗ ನೋಡ್ಬಿಟ್ಟೆನಲ್ಲಮ್ಮ."

ಅವರ ಜೀಪು ತಿರುಗುವವರೆಗೂ ನೋಡುತ್ತಿದ್ದು ಅಮ್ಮ ಮಜ್ಜಿಗೆಯ ಲೋಟಗಳನ್ನು ಎತ್ತಿಕೊಂಡಳು. "ಸಾಹೇಬ್ರು ಒಳ್ಳೇರು. ಎಲ್ಲ ಕೂಲಂಕಷವಾಗಿ ಕೇಳ್ಕೊಂಡ್ರು. ಆಯ್ತದೆ ಬಿಡು." ಅಪ್ಪ ಬೇಲಿಗೆ ಒರಗಿ ನಿಂತಿದ್ದವನು ನನ್ನ ಕಡೆ ನೋಡಿದ. ನಾನು ನಕ್ಷೆ ಮಡಿಸುತ್ತಿದ್ದೆ.

ಆದೇಶ ಬಂದದ್ದು 2009ರ ಮಾರ್ಚ್‌ನಲ್ಲಿ. ಎರಡು ಹಾಳೆ. ಅಮ್ಮ ಸೊಪ್ಪು ಹೆಚ್ಚುತ್ತಿದ್ದವಳು ಕತ್ತಿ ಕೆಳಗಿಟ್ಟು, "ಓದು," ಎಂದಳು. ಕೊನೆಯ ಸಾಲೊಂದನ್ನು ಹೇಳಿ ಮುಗಿಸಬಹುದಿತ್ತು. ನಾನು ಮೊದಲಿನಿಂದ ಓದಿದೆ. ಅರ್ಜಿದಾರರೇ ಸಲ್ಲಿಸಿದ ದಾಖಲೆ ಮತ್ತು ಸ್ಥಳದಲ್ಲಿ ನೀಡಿದ ಹೇಳಿಕೆಯ ಪ್ರಕಾರ ಉದ್ದೇಶಿತ ಕಟ್ಟಡದ ಜಾಗದವರೆಗೆ ನೀರು ಬಂದಿರುವುದು ಕಂಡುಬಂದಿರುವುದರಿಂದ ಕೋರಿಕೆಯನ್ನು ತಿರಸ್ಕರಿಸಲಾಗಿದೆ, ಎಂದಿತ್ತು.

"ಅಂದ್ರೆ ನನ್ ಮಾತು ನಂಬಿದ್ರಾ?"

"ಹೂಂ."

"ಮತ್ಯಾಕೆ ಬ್ಯಾಡ ಅಂದ್ರು?"

ನಾನು ವಿವರಿಸಲು ಹೋದೆ. ನಕ್ಷೆ ಬಿಡಿಸಿ ಮೂರನೇ ಕಲ್ಲು ಬರುವ ಕಡೆ ಬೆರಳಿಟ್ಟೆ. ಅಪ್ಪ ಬಾಗಿಲಲ್ಲಿ ನಿಂತು, "ಶಾನುಭೋಗ್ರು ಹೇಳಿದಂಗೆ ಮಾಡಿದ್ರೆ," ಎಂದು ಶುರುಮಾಡಿ ಅಲ್ಲಿಗೇ ಬಿಟ್ಟು ತೋಟಕ್ಕೆ ಹೋದ. ಅದನ್ನು ಅವನು ಮತ್ತೆ ಯಾವತ್ತೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ. ಅಧಿಕಾರಿ ತಪ್ಪು ಮಾಡಿದರೆಂದು ನಾನು ಈಗಲೂ ಹೇಳಲಾರೆ. ನೀರು ಬಂದದ್ದು ನಿಜ. ಆದರೆ ನಕಲು ಮಾಡುತ್ತಿದ್ದ ದಿನ ಒಲೆಯ ಮುಂದಿನಿಂದ ಅಮ್ಮ ಕೇಳಿದಾಗ, ಇದನ್ನು ಕೊಟ್ಟರೆ ಹೀಗೂ ಆಗಬಹುದು, ಏನು ಮಾಡಲಿ ಹೇಳು ಎಂದು ನಾನು ಅವಳನ್ನು ಕೇಳಬೇಕಿತ್ತು. ಉಸಿರು ಅವಳದು. ನಾನು ಕೇಳಲೇ ಇಲ್ಲ.

ಮೇ ತಿಂಗಳ ಬೆಳೆಯಲ್ಲಿ ಚಂದ್ರಿಕೆಯ ಮುಂದೆಯೇ ಅಮ್ಮ ಕುಸಿದಳು. ಚಿಂತಾಮಣಿಯ ಆಸ್ಪತ್ರೆಯಲ್ಲಿ ಮೂರು ದಿನ ಆಕ್ಸಿಜನ್ ಹಾಕಿದ್ದರು. ನಾಲ್ಕನೇ ದಿನ ಸೋದರಮಾವ ಬಂದು, ನೇರವಾಗಿ ಗೌರಿಬಿದನೂರಿನ ಹತ್ತಿರದ ತಮ್ಮ ಹಳ್ಳಿಗೆ ಅಕ್ಕನನ್ನು ಕರೆದುಕೊಂಡು ಹೋದರು. ಅಲ್ಲಿ ಮುಸುಕಿನಜೋಳ ಬೆಳೆಯುತ್ತಾರೆ, ಹುಳುವಿಲ್ಲ. ಅಪ್ಪ ಆ ದಿನ ಮತ್ತೆ, ಹುಳು ಬಿಡೋಣ ಎಂದ. "ಇವಳ ಓದು ಮುಗೀಲಿ," ಎಂದು ಅಮ್ಮ ನನ್ನ ಕಡೆ ಕೈ ತೋರಿಸಿ ಬಸ್ಸು ಹತ್ತಿದಳು.

ನಲ್ಲಿಯ ಹತ್ತಿರ ಎದುರುಮನೆಯಾಕೆ ಕೇಳಿದಳು: "ಏನೇ, ನಿಮ್ಮಮ್ಮನ್ನ ತವರಿಗೆ ಕಳ್ಸಿದ್ರಂತೆ? ಇಪ್ಪತ್ತೊರ್ಷ ಆದ್ಮೇಲೆ ಬಾಣಂತನನಾ?" ಸುತ್ತಲಿದ್ದವರು ನಕ್ಕರು. ನಾನು ಕೊಡ ಅರ್ಧ ತುಂಬಿದ್ದಂತೆಯೇ ಎತ್ತಿಕೊಂಡು ಬಂದೆ.

ಅಮ್ಮ ಮನೆಗೆ ಬರಬಹುದಾದ ದಿನಗಳನ್ನು ನಾನು ಲೆಕ್ಕ ಹಾಕಿಕೊಟ್ಟೆ. ತೋಟವನ್ನು ಎರಡು ಭಾಗ ಮಾಡಿ ಒಂದಾದ ಮೇಲೊಂದು ಕಟಾವು ಮಾಡುತ್ತಿದ್ದುದರಿಂದ ವರ್ಷಕ್ಕೆ ಹತ್ತು ಬೆಳೆ. ಹುಳು ಬಂದು ಗೂಡು ಮಾರುಕಟ್ಟೆಗೆ ಹೋಗುವವರೆಗೆ ಇಪ್ಪತ್ತಾರು ದಿನ. ಆಮೇಲೆ ಮನೆ ತೊಳೆದು ಬ್ಲೀಚಿಂಗ್ ಪೌಡರ್ ಹೊಡೆಯಬೇಕು. ಆ ಘಾಟೂ ಅವಳಿಗೆ ಆಗುವುದಿಲ್ಲ, ಅದು ಹೋಗಲು ಆರು ದಿನ. ಅಷ್ಟರಲ್ಲಿ ಮುಂದಿನ ಹುಳು ಬರಲು ನಾಲ್ಕು ದಿನ ಉಳಿದಿರುತ್ತದೆ. ಆ ನಾಲ್ಕು ದಿನ ಅಮ್ಮ ಬರಬಹುದು. ಫೋನಿನಲ್ಲಿ ಹೇಳಿದಾಗ ಅವಳು, "ನಾಕು ದಿನ ಏನು ಕಮ್ಮೀನಾ?" ಎಂದಳು.

ಮೊದಲ ಎರಡು ಸಲ ಬಂದವಳೇ ಸೆರಗು ಸಿಕ್ಕಿಸಿಕೊಂಡು ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿದಳು, ನಮ್ಮಿಬ್ಬರಿಗೂ ಬೈದಳು. ಅಕ್ಟೋಬರ್‌ನಲ್ಲಿ ಬರಲಿಲ್ಲ, ಮಾವನ ಮನೆಯಲ್ಲಿ ಜೋಳದ ಕೆಲಸವಂತೆ. ಆ ವರ್ಷ ಹಳ್ಳ ಒಂದು ದಿನವೂ ಬರಲಿಲ್ಲ.

ಡಿಸೆಂಬರ್ 9ರ ಮಧ್ಯಾಹ್ನ ಬಂದಳು. ಮುಖ ತುಂಬಿಕೊಂಡಿತ್ತು, ಬಸ್‌ಸ್ಟಾಪಿನಿಂದ ಒಂದೇ ಸಮ ನಡೆದು ಬಂದಿದ್ದರೂ ಉಸಿರು ಸರಾಗವಾಗಿತ್ತು. ಎದೆಯಲ್ಲಿ ಸದ್ದಿದೆಯಾ ಎಂದು ನಾನು ಹತ್ತಿರ ನಿಂತು ಕೇಳಿಸಿಕೊಂಡೆ. ಇರಲಿಲ್ಲ. ಅಡುಗೆಮನೆಯಲ್ಲಿ ಅವಳು ಮಲಗುತ್ತಿದ್ದ ಮೂಲೆಯಲ್ಲಿ ಅಪ್ಪ ಹೊಸ ತಟ್ಟೆಗಳನ್ನು ಜೋಡಿಸಿಟ್ಟಿದ್ದ. ಅವಳ ಸೀರೆಗಳ ಟ್ರಂಕು ಅಟ್ಟ ಸೇರಿತ್ತು. ಅದನ್ನು ನಾನೇ ಎತ್ತಿಕೊಟ್ಟಿದ್ದೆ.

ಅಮ್ಮ ಒಳಗೆ ಕಾಲಿಟ್ಟು, ಸುತ್ತ ಒಮ್ಮೆ ನೋಡಿ, ಬಾಗಿಲ ಪಕ್ಕಕ್ಕೆ ಸರಿದು ನಿಂತಳು. ನೆಂಟರ ಮನೆಗೆ ಬಂದವರು ನಿಲ್ಲುವಂತೆ.

"ಬ್ಯಾಗು ಎಲ್ಲಿಡ್ಲಮ್ಮ?" ಎಂದು ನನ್ನನ್ನು ಕೇಳಿದಳು.

ನಾನು ನಡುಮನೆ ನೋಡಿದೆ, ಅಡುಗೆಮನೆ ನೋಡಿದೆ. ಅಪ್ಪ ಹಿಂದಿನಿಂದ ಬಂದು ಅವಳ ಕೈಯಿಂದ ಬ್ಯಾಗು ತೆಗೆದುಕೊಂಡ. ತೆಗೆದುಕೊಂಡವನು ಅದನ್ನು ಎಲ್ಲೂ ಇಡದೆ, ಹಿಡಿದುಕೊಂಡೇ ನಿಂತ.